ಬೀಗರ ಅಡಿಗೆಮನೆಯಲ್ಲಿ ವಾಲ್ವು

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಸ್ಥಳ: ಹಳೇ ಹುಬ್ಬಳ್ಳಿಯಲ್ಲಿ ಒಂದು ಓಣಿ ಎರಡಾಗಿ ಒಡೆಯುವ ಮೂಲೆ. ಹಾಜರಿದ್ದವರು: ಆ ಭಾಗಕ್ಕೆ ನೀರು ಬಿಡುವ ವಾಲ್ವ್‌ಮನ್, ನೀರಿನ ಕಚೇರಿಯ ಎಂಜಿನಿಯರ್, ಮತ್ತು ನಾನು, ಅದೇ ಕಚೇರಿಯಿಂದ ನಿವೃತ್ತಳಾದ ನಕ್ಷೆಗಾರ್ತಿ. ಎಂಟಕ್ಕೆ ಸೇರಬೇಕೆಂದು ಹೇಳಿದ್ದೆ. ಹತ್ತು ನಿಮಿಷ ತಡವಾಗಿದ್ದು ಧಾರವಾಡದಾಚೆಯ ಮುಗದದಿಂದ ಎಂಜಿನಿಯರಳನ್ನು ತರುವ ಬಸ್ಸಿನಿಂದ. ಅದನ್ನೂ ಬರೆದುಕೊಂಡೆ.

ದಿನ, ಗಂಟೆ, ಯಾರು ಇದ್ದರು ಎಂಬುದನ್ನು ಬರೆಯದೆ ಪುಸ್ತಕದಲ್ಲಿ ಒಂದು ಗೆರೆ ಕೂಡ ಎಳೆಯಬಾರದು ಎಂದು ನನಗೆ ಕಲಿಸಿದವರು ನಮ್ಮ ಹೆಡ್ ಡ್ರಾಫ್ಟ್ಸ್‌ಮನ್. ಇಪ್ಪತ್ತಾರನೆಯ ವಯಸ್ಸಿಗೆ ನಾನು ನಕ್ಷೆ ನಕಲು ಮಾಡುವ ಟ್ರೇಸರ್ ಆಗಿ ಅವರ ಕೈಕೆಳಗೆ ಸೇರಿದೆ. ಅವರ ಡ್ರಾಯಿಂಗ್ ಹಾಲ್‌ನಲ್ಲಿ ಹತ್ತು ಗಂಟೆಗೆ ಐದು ನಿಮಿಷ ಮೊದಲು ಪೆನ್ಸಿಲ್ ಮೊನೆ ಮಾಡಿಕೊಂಡು ಕೂತಿರಬೇಕು. ಮಸಿ ಬಾಟಲಿ ಬಲಕ್ಕೆ, ಒರೆಸುವ ಅರಿವೆ ಎಡಕ್ಕೆ. ಇವತ್ತಿಗೂ ನಾನು ತರಕಾರಿ ಹೆಚ್ಚಲು ಕೂತರೆ ಈಳಿಗೆ ಬಲಕ್ಕೆ, ಬುಟ್ಟಿ ಎಡಕ್ಕೆ ಇರುತ್ತದೆ. ಮೂವತ್ತನಾಲ್ಕು ವರ್ಷ ಹೀಗೆ ನಡೆಸಿದ ಮೇಲೆ ಬಿಡು ಎಂದರೆ ಬಿಡಲಾಗುವುದಿಲ್ಲ, ಬಿಡಬೇಕೆಂದು ಅನಿಸಿಯೂ ಇಲ್ಲ.

ನಿವೃತ್ತಿಯಾಗಿ ಎಂಟು ವರ್ಷವಾಗಿತ್ತು. ಗೋಪನಕೊಪ್ಪದ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು, ಆರಕ್ಕೆ ನಡೆದು ಬಂದು, ಏಳಕ್ಕೆ ಪತ್ರಿಕೆ ಓದುವ ದಿನಚರಿ ಸುಖವಾಗಿ ಸಾಗಿತ್ತು. ಆಗ ಕಚೇರಿಯಿಂದ ಕರೆ ಬಂತು. ನಾವೆಲ್ಲ ಮಸಿಯಲ್ಲಿ ಬರೆದ ಪೈಪಿನ ನಕ್ಷೆಗಳನ್ನು ಹಿಂದೆಯೇ ಸ್ಕ್ಯಾನ್ ಮಾಡಿಸಿ, ಹೊರಗಿನ ಕಂಪನಿಯೊಂದರಿಂದ ಕಂಪ್ಯೂಟರಿಗೆ ಏರಿಸಿದ್ದರು. ಕಚೇರಿಯ ಯಾವ ಮೇಜಿನಲ್ಲಿ ಕೂತು ತೆರೆದರೂ ಊರಿನ ಪೈಪು, ವಾಲ್ವು, ಟಾಕಿಗಳೆಲ್ಲ ಪರದೆಯ ಮೇಲೆ ಕಾಣುತ್ತಿದ್ದವು. ಈಗ ಅದೇ ನಕ್ಷೆಯನ್ನು ವಾಲ್ವ್‌ಮನ್‌ಗಳ ಮೊಬೈಲಿಗೆ ತರಬೇಕು, ಓಣಿಯಲ್ಲಿ ನಿಂತವನಿಗೆ ತನ್ನ ಕಾಲಬುಡದಲ್ಲಿ ಏನಿದೆ ಎಂದು ತಿಳಿಯಬೇಕು ಎಂಬ ಕೆಲಸ ಶುರುವಾಗಿತ್ತು. ಹಳೆಯ ಹಾಳೆಗಳನ್ನು ಬಲ್ಲವರು ಒಬ್ಬರು ಆರು ತಿಂಗಳು ಜೊತೆಗಿದ್ದು ತಪಾಸಣೆ ಮಾಡಬೇಕಿತ್ತು. ನನ್ನ ಜೊತೆಯವರಲ್ಲಿ ಕಣ್ಣು ಸರಿಯಿದ್ದು ಮಂಡಿಯೂ ಸರಿಯಿದ್ದವಳು ನಾನೊಬ್ಬಳೇ.

ಕೆಲಸದ ಹೊಣೆ ಈ ಎಂಜಿನಿಯರಳದು. ಮೂವತ್ತೆರಡರ ಹೆಂಗಸು, ಮಾತು ಕಡಿಮೆ, ಬರೆದಿಟ್ಟುಕೊಳ್ಳುವ ಅಭ್ಯಾಸವಿದೆ. ಆದ್ದರಿಂದ ನಮಗಿಬ್ಬರಿಗೂ ಬೇಗ ಹೊಂದಿತು. ಮೊದಲ ಸಲ ಅವಳು ಕಚೇರಿಯ ನಕ್ಷೆಯನ್ನು ಇದ್ದ ಹಾಗೆಯೇ ಫೋನಿಗೆ ಇಳಿಸಿ ವಾಲ್ವ್‌ಮನ್‌ಗಳನ್ನು ಕೂರಿಸಿ ತೋರಿಸಿದಳು. ಗಟಾರು, ಕಂಬ, ಮನೆ ನಂಬರು, ವಾರ್ಡಿನ ಗಡಿ, ಪೈಪು ಹಾಕಿದ ವರ್ಷ, ಎಲ್ಲ ಆ ಅಂಗೈಯಗಲದ ಪರದೆಯಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಹಿರಿಯ ವಾಲ್ವ್‌ಮನ್ ಒಬ್ಬರು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು, ಕಡೆಗೆ ಕೇಳಿದರು, "ಎಲ್ಲಾ ಛಲೋ ಐತ್ರಿ ಮೇಡಂರ. ಇದ್ರಾಗ ನೀರು ಎಲ್ಲೈತಿ?"

ಮರುದಿನದಿಂದ ಅವಳು ತೆಗೆಯುವ ಕೆಲಸಕ್ಕೆ ಕೂತಳು. ಕಡೆಗೆ ಪೈಪು, ವಾಲ್ವು, ಓಣಿಯ ಹೆಸರು, ಮನೆಗಳ ಅಂಚು, ಇಷ್ಟೇ ಉಳಿಸಿದಳು. ಅಕ್ಷರ ದೊಡ್ಡದು ಮಾಡಿದಳು. ನೀರು ಬಿಡುವವರ ಬೆರಳು ಯಾವಾಗಲೂ ಒದ್ದೆ, ಒದ್ದೆ ಬೆರಳಿಗೆ ಪರದೆ ಓಗೊಡುವುದಿಲ್ಲ ಎಂದು ಗುಂಡಿಗಳನ್ನು ರೊಟ್ಟಿಯಷ್ಟು ಅಗಲ ಮಾಡಿದಳು. ನೆಟ್ ಸಿಗದ ಸಂದಿಯಲ್ಲೂ ನಕ್ಷೆ ಕಾಣುವಂತೆ ಮಾಡಿದಳು. ತಪ್ಪು ಕಂಡರೆ ಫೋಟೋ ತೆಗೆದು ಕಳಿಸುವ ಅನುಕೂಲವನ್ನೂ ಇಟ್ಟಳು. ಹಾಗೆ ಬಂದ ವರದಿ ನನ್ನ ಫೋನಿಗೆ ಬರುತ್ತದೆ, ನಾನು ಒಪ್ಪಿದರೆ ಮಾತ್ರ ಕಚೇರಿಯ ನಕ್ಷೆ ಬದಲಾಗುತ್ತದೆ. ನಾನು ನೋಡಿ ಮೆಚ್ಚಿದ್ದೆ. ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ನಮ್ಮ ಹಾಳೆಗಳು ಎಷ್ಟು ಸರಿಯಾಗಿ ಕೂತಿವೆ ಎಂಬುದನ್ನು. ಆ ಹೆಮ್ಮೆ ಮಂಗಳವಾರ ಬೆಳಿಗ್ಗೆಯವರೆಗೆ ಇತ್ತು.

ಹಳೇ ಹುಬ್ಬಳ್ಳಿಗೆ ಬಂದ ಕಾರಣ ಹೇಳುತ್ತೇನೆ. ಈ ಓಣಿ ಮೂಲೆಯಲ್ಲಿ ಎರಡಾಗಿ ಒಂದು ಕವಲು ಕೆಳಗಿಳಿಯುತ್ತದೆ, ಇನ್ನೊಂದು ಮೇಲೇರುತ್ತದೆ. ನೀರಿಗೆ ಇಳಿಜಾರು ಇಷ್ಟ. ಹಾಗಾಗಿ ಕೆಳಗಿನ ಓಣಿಯ ಪೈಪಿಗೆ ಒಂದು ವಾಲ್ವು ಕೂರಿಸಿ, ಅದನ್ನು ಅರ್ಧ ಮುಚ್ಚಿ, ಮೇಲಿನ ಓಣಿಗೂ ನೀರು ಹತ್ತುವಂತೆ ಬಹಳ ಹಿಂದೆ ಹೊಂದಿಸಿದ್ದರು. ಒಮ್ಮೆ ಹೊಂದಿಸಿದ ಮೇಲೆ ಅದನ್ನು ಯಾರೂ ಮುಟ್ಟಲಿಲ್ಲ. ಅದರ ಮೇಲೆ ಡಾಂಬರು ಬಂತು, ಡಾಂಬರಿನ ಮೇಲೆ ಇನ್ನೊಂದು ಡಾಂಬರು. ಹೊಂದಿಸಿದವರೂ ತೀರಿಹೋದರು. ಕಳೆದ ವರ್ಷ ಹತ್ತಿರದ ಚೌಕದ ದೊಡ್ಡ ಪೈಪು ಬದಲಿಸಿದ ಮೇಲೆ ಒತ್ತಡ ಹೆಚ್ಚಾಯಿತು, ನೀರೆಲ್ಲ ಕೆಳಗಿನ ಓಣಿಗೆ ಓಡತೊಡಗಿತು. ಮೇಲಿನ ಇಪ್ಪತ್ತೆರಡು ಮನೆಗಳಿಗೆ ಐದಾರು ದಿನಕ್ಕೊಮ್ಮೆ ಬರುವ ನೀರು ಕಾಲು ಗಂಟೆಗೇ ನಿಲ್ಲುತ್ತಿತ್ತು.

ವಾಲ್ವ್‌ಮನ್ ಈ ಭಾಗಕ್ಕೆ ಬಂದು ಹತ್ತು ತಿಂಗಳಾಗಿತ್ತು. ಐವತ್ತೈದರ ಆಸುಪಾಸಿನ ಸಾಹೇಬರು, ಬಿಳಿ ಗಡ್ಡ, ಭುಜದ ಮೇಲೆ ಸದಾ ಟಿ ಆಕಾರದ ಉದ್ದನೆಯ ವಾಲ್ವಿನ ಚಾವಿ. ಅವರ ಕಷ್ಟ ಏನೆಂದರೆ, ಅವರ ಹಿರಿಮಗಳನ್ನು ಕೊಟ್ಟ ಮನೆ ಇದೇ ಕೆಳಗಿನ ಓಣಿಯಲ್ಲಿತ್ತು. ಮೇಲಿನವರಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ಬೀಗರ ಓಣಿ ಎಂದು ನೀರೆಲ್ಲ ಅಲ್ಲೇ ಸುರಿಯುತ್ತಾನೆ ಎಂದು ಎದುರಿಗೇ ಅನ್ನುತ್ತಿದ್ದರು. ಅರ್ಜಿಯೂ ಕೊಟ್ಟಿದ್ದರು. ಆ ಮುಚ್ಚಿಹೋದ ವಾಲ್ವು ಸಿಕ್ಕಿದರೆ ನಾಲ್ಕಾರು ಸುತ್ತು ತಿರುಗಿಸಿ ನೀರು ಸರಿಮಾಡಬಹುದು, ತಮ್ಮ ಮೇಲಿನ ಮಾತೂ ಇಳಿಯುತ್ತದೆ ಎಂದು ಅವರು ತಿಂಗಳುಗಟ್ಟಲೆ ಹಾರೆ ಹಿಡಿದು ಕುಟ್ಟಿ ನೋಡಿದ್ದರು. ಸಿಕ್ಕಿರಲಿಲ್ಲ. ಈಗ ಆ ಓಣಿಗೆ ಕಾಂಕ್ರೀಟು ಹಾಕುವುದಕ್ಕೆ ಬಂದಿದ್ದರು. ಅರ್ಧ ಅಡಿ ಕಾಂಕ್ರೀಟು ಬಿದ್ದ ಮೇಲೆ ಇನ್ನು ಹುಡುಕುವ ಮಾತೇ ಇಲ್ಲ.

ಓಣಿಯ ಬಾಯಲ್ಲಿ ಖಡಿ ಮರಳಿನ ರಾಶಿ ಬಿದ್ದಿತ್ತು, ಮಿಕ್ಸರ್ ನಿಂತಿತ್ತು. ಮೇಸ್ತ್ರಿ ತಲೆಗೆ ಟವೆಲು ಸುತ್ತಿಕೊಂಡು ನಮ್ಮನ್ನು ನೋಡಿ ನಕ್ಕ. ಎಲ್ಲರ ಹಾಗೆ ಅವನಿಗೂ ನಾನು ಬಾಯಾರು.

"ಬರ್ರಿ ಬಾಯಾರ. ಕೆಳಗಿನ ತುದಿಯಿಂದ ಹಾಕ್ಕೋತ ಬರ್ತೇವಿ. ಎರಡರ ಸುಮಾರಿಗೆ ಇಲ್ಲಿಗೆ ಬಂದ ಬಿಡ್ತೈತಿ. ಅಷ್ಟರಾಗ ನಿಮ್ಮ ವಾಲ್ವು ಸಿಕ್ಕರ ಸಿಕ್ತು."

"ಸಿಗದಿದ್ರ?" ಎಂದೆ.

"ಸಿಗದಿದ್ರ ಅದರ ಮ್ಯಾಲ ಓಡಾಡ್ರಿ. ರಸ್ತಾ ಮಸ್ತ ಆಗಿರ್ತೈತಿ."

ಎಂಜಿನಿಯರ್ ಫೋನನ್ನು ವಾಲ್ವ್‌ಮನ್ ಕೈಗೆ ಕೊಟ್ಟಳು. ಈ ಓಣಿಯ ಹಾಳೆಯನ್ನು ಅವಳು ಹಿಂದಿನ ರಾತ್ರಿಯಷ್ಟೇ ಫೋನಿಗೆ ಸೇರಿಸಿದ್ದಳು. ಇದೇ ಮೊದಲ ಪರೀಕ್ಷೆ. ನಾವು ನಿಂತ ಜಾಗ ನೀಲಿ ಚುಕ್ಕೆಯಾಗಿ ಕಾಣುತ್ತದೆ, ವಾಲ್ವು ಕೆಂಪು ಗುರುತಾಗಿ ಕಾಣುತ್ತದೆ, ಚುಕ್ಕೆ ಗುರುತಿನ ಮೇಲೆ ಬರುವತನಕ ನಡೆಯಬೇಕು. ಅವರು ಫೋನನ್ನು ಎರಡೂ ಕೈಯಲ್ಲಿ ತಟ್ಟೆಯ ಹಾಗೆ ಹಿಡಿದು ಕೆಳಗಿನ ಓಣಿಯಲ್ಲಿ ನಡೆದರು. ನಡೆದು ನಡೆದು ಒಂದು ಹಸಿರು ಬಾಗಿಲಿನ ಮುಂದೆ ನಿಂತುಬಿಟ್ಟರು. ಮುಖ ಸಣ್ಣದಾಯಿತು.

"ಮೇಡಂರ, ಇದು ಒಳಗ ಹೋಗು ಅಂತೈತಿ."

ಅದು ಅವರ ಬೀಗರ ಮನೆ.

ಗುರುತು ಇದ್ದದ್ದು ಬಾಗಿಲಿನಲ್ಲೂ ಅಲ್ಲ, ಪಡಸಾಲೆಯಲ್ಲೂ ಅಲ್ಲ, ಹಿಂದಿನ ಕೋಣೆಯಲ್ಲಿ. ಬೀಗತಿ ಬಾಗಿಲಿಗೆ ಬಂದು ವಿಷಯ ಕೇಳಿ, "ಅದು ನಮ್ಮ ಅಡಿಗಿಮನಿ," ಎಂದರು. ಅಷ್ಟು ಹೊತ್ತಿಗೆ ಮೇಲಿನ ಓಣಿಯ ತುದಿಮನೆಯ ಅಜ್ಜಿ ಕೋಲೂರಿಕೊಂಡು ಮೂಲೆಗೆ ಬಂದಿದ್ದರು. ವಾಲ್ವ್‌ಮನ್ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅರ್ಜಿಯ ಮೊದಲ ಹೆಬ್ಬೆಟ್ಟು ಅವರದೇ.

"ನಾ ಏನ್ ಹೇಳಿದ್ದೆ?" ಎಂದರು ಅಜ್ಜಿ, ಓಣಿಗೆಲ್ಲ ಕೇಳುವಂತೆ. "ನಮ್ಮ ನೀರು ಇವನ ಬೀಗರ ಅಡಿಗಿಮನ್ಯಾಗ ಹೋಗ್ತೈತಿ ಅಂದ್ರ ಯಾರೂ ನಂಬಲಿಲ್ಲ. ಈಗ ಸರಕಾರದ ಫೋನ್ ಹೇಳಾಕತ್ತೈತಿ ನೋಡು."

"ಖಾಲಾ, ಅದು ನಕ್ಷಾ ತಪ್ಪೈತಿ."

"ನಕ್ಷಾ ತಪ್ಪು, ಪೈಪು ತಪ್ಪು, ನಾವೂ ತಪ್ಪು. ನೀ ಒಬ್ಬವ ಸರಿ."

ಮೇಸ್ತ್ರಿಯ ಆಳುಗಳು ಸಲಿಕೆ ಊರಿಕೊಂಡು ನಿಂತು ಕೇಳುತ್ತಿದ್ದರು. ವಾಲ್ವ್‌ಮನ್ ಫೋನನ್ನು ಎಂಜಿನಿಯರಳ ಕೈಗೆ ಕೊಟ್ಟು, ಚಾವಿಯನ್ನು ಗೋಡೆಗೆ ಆನಿಸಿ, ಮುಖ ಒರೆಸಿಕೊಂಡರು. ರಂಜಾನ್ ತಿಂಗಳು, ರೋಜಾ ಹಿಡಿದಿದ್ದ ಮನುಷ್ಯ. ಬೆಳಗ್ಗೆ ಎಂಟೂವರೆಗೇ ದಣಿದಂತೆ ಕಂಡರು.

ನನಗೆ ಸಿಟ್ಟು ಬಂತು, ಮತ್ತು ಅದು ಬರಬಾರದ ಕಡೆಗೆ ಬಂತು. "ನಕ್ಷಾ ತಪ್ಪಿರೂದು ಸಾಧ್ಯ ಇಲ್ಲ," ಎಂದೆ. "ಈ ಹಾಳಿ ನಮ್ಮ ಡ್ರಾಯಿಂಗ್ ಹಾಲಿಂದು. ಫೋನಿನ ಚುಕ್ಕಿ ತಪ್ಪಿರಬೇಕು."

"ಚುಕ್ಕಿ ಅತ್ತಿತ್ತ ಜಿಗೀತೈತ್ರಿ ಬಾಯಾರ, ಖರೇ," ಎಂದಳು ಎಂಜಿನಿಯರ್. "ಸಂದ್ಯಾಗ ಗೋಡಿ ನಡುವ ಹಂಗ ಆಗ್ತೈತಿ. ಆದ್ರ ಚುಕ್ಕಿ ಬಿಡ್ರಿ. ಬರೇ ನಕ್ಷಾ ನೋಡ್ರಿ. ಪೈಪು ಓಣ್ಯಾಗ ಐತಿ, ವಾಲ್ವು ಮನ್ಯಾಗ ಐತಿ. ಪೈಪ್ ಬಿಟ್ಟು ವಾಲ್ವ್ ಎಲ್ಲಿ ಹೋಗ್ತೈತಿ?"

ಕನ್ನಡಕ ಬದಲಿಸಿ ನೋಡಿದೆ. ಅವಳು ಹೇಳಿದ್ದು ನಿಜ. ಕೆಂಪು ಗುರುತು ಪೈಪಿನಿಂದ ನೆಟ್ಟಗೆ ಪಕ್ಕಕ್ಕೆ ಸರಿದು, ಬೀಗರ ಮನೆಯ ಖಾಲಿ ಚೌಕದ ನಡುವೆ ಅಚ್ಚುಕಟ್ಟಾಗಿ ಕೂತಿತ್ತು. ಆ ಅಚ್ಚುಕಟ್ಟುತನ ನೋಡಿದ ಕೂಡಲೇ ಗೊತ್ತಾಯಿತು. ಅದು ನನ್ನ ಕೈ.

ವಿವರಿಸಬೇಕು. ನಮ್ಮ ಹಾಳೆಗಳಲ್ಲಿ ಎಂಟಡಿ ಅಗಲದ ಓಣಿ ಎಂದರೆ ಐದು ಮಿಲಿಮೀಟರಿನಷ್ಟೂ ಬರುವುದಿಲ್ಲ. ಅದರೊಳಗೆ ಎರಡು ಬದಿಯ ಗಟಾರು, ನಡುವೆ ಪೈಪು. ವಾಲ್ವಿನ ಗುರುತು ಅದಕ್ಕೆ ಸೇರಿದರೆ ಮಸಿ ಒಂದಕ್ಕೊಂದು ಕೂಡಿಕೊಂಡು ಚಿತ್ತಾಗುತ್ತದೆ. ಹೆಡ್ ಡ್ರಾಫ್ಟ್ಸ್‌ಮನ್ ಅವರ ನಿಯಮ ಸ್ಪಷ್ಟವಾಗಿತ್ತು: ಎರಡು ಗೆರೆ ಮುಟ್ಟಬಾರದು. ಜಾಗವಿಲ್ಲದ ಕಡೆ ಗುರುತನ್ನು ಪೈಪಿಗೆ ಲಂಬವಾಗಿ ಪಕ್ಕದ ಖಾಲಿ ಜಾಗಕ್ಕೆ ಸರಿಸಿ ಬರೆಯಬೇಕು, ಅಲ್ಲಿಂದ ಪೈಪಿನವರೆಗೆ ಕೂದಲೆಳೆಯಂಥ ಒಂದು ಗೆರೆ ಎಳೆಯಬೇಕು. ಓದುವವನು ಆ ಎಳೆ ಹಿಡಿದು ಪೈಪಿಗೆ ಬರುತ್ತಾನೆ. ಹಳೇ ಹುಬ್ಬಳ್ಳಿಯ ಹಾಳೆಗಳನ್ನು ಬರೆದವಳು ನಾನು. ಸಂದಿಗೊಂದಿಗಳಲ್ಲೆಲ್ಲ ಹೀಗೆಯೇ ಸರಿಸಿದ್ದೆ. ನನ್ನ ಕೂದಲೆಳೆ ಬಹಳ ತೆಳುವಾಗಿರುತ್ತದೆ ಎಂದು ಡ್ರಾಯಿಂಗ್ ಹಾಲ್‌ನಲ್ಲಿ ಹೊಗಳುತ್ತಿದ್ದರು. ಸ್ಕ್ಯಾನ್ ಮಾಡಿದಾಗ ಆ ಎಳೆ ಎದ್ದು ಕಾಣಲಿಲ್ಲ. ಏರಿಸಿದ ಹುಡುಗರು ಅದನ್ನು ಹಾಳೆಯ ಗೀರು ಎಂದುಕೊಂಡರು. ಗುರುತು ಎಲ್ಲಿತ್ತೋ ಅಲ್ಲೇ ವಾಲ್ವು ಎಂದು ಕೂರಿಸಿದರು. ಕಚೇರಿಯ ಪರದೆಯ ಮೇಲೆ ಅದು ಯಾರಿಗೂ ಕಣ್ಣಿಗೆ ಬೀಳಲಿಲ್ಲ. ಅಲ್ಲಿ ಕೂತವರು ಮನೆಯೊಳಗೆ ನಡೆದು ನೋಡಬೇಕಾಗಿರಲಿಲ್ಲ. ಫೋನು ಹಿಡಿದವನು ನಡೆಯಬೇಕಾಯಿತು.

ಇದನ್ನು ಎಂಜಿನಿಯರಳ ಕಿವಿಯಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಮಾತು ಬಿದ್ದಿದ್ದು ವಾಲ್ವ್‌ಮನ್ ಮೇಲೆ, ಓಣಿಯ ಎದುರಿಗೆ. ನಾನು ಮೂಲೆಯ ಕಟ್ಟೆಯ ಹತ್ತಿರ ಹೋಗಿ ಅಜ್ಜಿಯ ಮುಂದೆ ನಿಂತೆ.

"ಅಮ್ಮಾ, ಇವರದೇನೂ ತಪ್ಪಿಲ್ಲ. ವಾಲ್ವು ಆ ಮನ್ಯಾಗ ಇಟ್ಟಾಕಿ ನಾನು. ಕಾಗದದಾಗ ಜಾಗಾ ಇರಲಿಲ್ಲ, ಪಕ್ಕಕ್ಕ ಸರಿಸಿ ಬರದಿದ್ದೆ. ಖರೇ ವಾಲ್ವು ಓಣ್ಯಾಗ ಅದ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮೇಸ್ತ್ರಿ ಹಿಂದಿನಿಂದ, "ಬಾಯಾರ, ಇಷ್ಟ ವರ್ಷ ಅವರ ಅಡಿಗಿಮನ್ಯಾಗ ಇಟ್ಟೀರಿ, ಬಾಡಿಗಿ ಕೊಟ್ಟೀರೋ ಇಲ್ಲೋ?" ಎಂದ. ಆಳುಗಳು ನಕ್ಕರು. ಬೀಗತಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ವಾಲ್ವ್‌ಮನ್ ಮಾತ್ರ ನಗಲಿಲ್ಲ. "ಹಂಗಾದ್ರ ಎಲ್ಲೈತ್ರಿ ಬಾಯಾರ?" ಎಂದು ಕೇಳಿದರು.

ಅದೇ ಸರಿಯಾದ ಪ್ರಶ್ನೆ. ಉತ್ತರವೂ ನಿಯಮದಲ್ಲೇ ಇತ್ತು. ಸರಿಸಿದ್ದು ಯಾವಾಗಲೂ ಲಂಬವಾಗಿ. ಓಣಿಯ ಉದ್ದಕ್ಕೆ ಒಂದಿಂಚೂ ಸರಿಸುವ ಹಾಗಿರಲಿಲ್ಲ. ಅಂದರೆ ಮೂಲೆಯಿಂದ ಆ ಗುರುತಿಗೆ ಓಣಿಯ ಉದ್ದಕ್ಕೆ ಎಷ್ಟು ಅಳತೆಯೋ ಅಷ್ಟೇ ಅಳತೆಗೆ, ಪೈಪಿನ ಮೇಲೆ, ವಾಲ್ವು ಇರಬೇಕು.

"ತಂಗಿ, ಮೂಲಿಯಿಂದ ಗುರುತಿನ ತನಕ ಉದ್ದಳತಿ ತಗದು ಹೇಳು."

ಅವಳು ಫೋನು ನೋಡಿದಳು, ನನ್ನನ್ನು ನೋಡಿದಳು. "ಅಳತಿ ತಗಿಯೂ ಗುಂಡೀನ ತಗದ ಬಿಟ್ಟೇನ್ರಿ ಬಾಯಾರ. ಕಚೇರಿ ನಕ್ಷಾದಾಗ ಐತಿ. ಓಣ್ಯಾಗ ಇರಾವ್ರಿಗೆ ಅದು ಯಾಕ ಬೇಕು ಅಂತ ತಗದೆ."

ಯಾಕೆ ಬೇಕು ಎಂಬುದು ಈಗ ಎದುರಿಗೇ ನಿಂತಿತ್ತು. ಅವಳನ್ನು ದೂರುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವಳು ನನ್ನನ್ನು ಕರೆದುಕೊಂಡು ಚೌಕದವರೆಗೆ ಹೋಗಿ, ನೆಟ್ ಸಿಗುವ ಕಡೆ ನಿಂತು, ಕಚೇರಿಯ ದೊಡ್ಡ ನಕ್ಷೆಯನ್ನೇ ಫೋನಿನಲ್ಲಿ ತೆರೆದಳು. ಗುಂಡಿಗಳು ಸಾಸಿವೆಯಷ್ಟಿದ್ದವು, ಅರ್ಧ ಪರದೆಯ ಹೊರಗೆ ಹೋಗಿದ್ದವು. ಅಡ್ಡ ಹಿಡಿದು, ಹಿಗ್ಗಿಸಿ, ನೆರಳಿಗೆ ನನ್ನ ಕೊಡೆ ಬಿಚ್ಚಿ, ಮೂರು ಸಲ ತಪ್ಪಿ, ನಾಲ್ಕನೆಯ ಸಲಕ್ಕೆ ಅಳತೆ ತೆಗೆದಳು. ಮತ್ತೊಮ್ಮೆ ತೆಗೆಸಿದೆ. ಎರಡೂ ಸಲ ಒಂದೇ ಬಂತು: ನಲವತ್ತೊಂದು ಅಡಿ.

ಕವಲು ಒಡೆಯುವ ಮೂಲೆಮನೆಯ ಕಟ್ಟೆಗೆ ಟೇಪಿನ ತುದಿ ಹಿಡಿದಳು ಎಂಜಿನಿಯರ್. ನಾನು ಟೇಪು ಬಿಗಿಮಾಡಿಕೊಂಡು ನಡೆದು ನಲವತ್ತೊಂದಕ್ಕೆ ಸೀಮೆಸುಣ್ಣದಿಂದ ಗುಣಿಸು ಚಿಹ್ನೆ ಹಾಕಿದೆ. ವಾಲ್ವ್‌ಮನ್ ಗುದ್ದಲಿ ಎತ್ತಿದರು. ಡಾಂಬರಿನ ಎರಡು ಪದರ, ಕೆಳಗೆ ಖಡಿ, ಅದರ ಕೆಳಗೆ ಕೆಂಪು ಮಣ್ಣು. ಹಾರೆ ಹಾಕಿದ ಕಡೆಯೆಲ್ಲ ಮೆತ್ತಗೆ ಇಳಿಯಿತು. ಒಂದೂವರೆ ಅಡಿ ಅಗಲ, ಎರಡು ಅಡಿ ಆಳ ತೋಡಿದರು. ಕಬ್ಬಿಣದ ಸದ್ದು ಬರಲಿಲ್ಲ. ಹತ್ತೂಕಾಲಾಯಿತು.

ದಿನಾ ಹತ್ತೂಕಾಲಿಗೆ ನಾನು ಚಹಾ ಕುಡಿಯುತ್ತೇನೆ. ಥರ್ಮಾಸು ಚೀಲದಲ್ಲಿತ್ತು. ಉಪವಾಸ ಇರುವವರ ಎದುರಿಗೆ ಕುಡಿಯುವುದು ಬೇಡವೆಂದು ಮೂಲೆಯ ಆಚೆ ಹೊರಟಿದ್ದೆ. ವಾಲ್ವ್‌ಮನ್ ಕುಣಿಯೊಳಗಿನಿಂದಲೇ, "ಇಲ್ಲೇ ಕುಡೀರಿ ಬಾಯಾರ. ನೀವು ಕುಡದ್ರ ನನ್ನ ರೋಜಾ ಮುರಿಯಂಗಿಲ್ಲ. ವಾಲ್ವು ಸಿಗದಿದ್ರ ಮಾತ್ರ ನಡಾ ಮುರೀತೈತಿ," ಎಂದರು. ಆ ಬೆಳಿಗ್ಗೆ ಅವರು ಆಡಿದ ಮೊದಲ ತಮಾಷೆ. ನಾನು ಮೂಲೆಮನೆಯ ಕಟ್ಟೆಯ ಮೇಲೆ ಕೂತು ಅರ್ಧ ಲೋಟ ಬಗ್ಗಿಸಿಕೊಂಡೆ.

ಅಜ್ಜಿ ಪಕ್ಕದಲ್ಲೇ ಕೂತಿದ್ದರು. ಹೋಗಿರಲಿಲ್ಲ, ನೀರಿನ ವಿಷಯ ಮುಗಿಯದೆ ಅವರು ಕದಲುವ ಪೈಕಿಯಲ್ಲ. ಕೋಲಿನಿಂದ ಕಟ್ಟೆಯ ಕಲ್ಲು ತಟ್ಟಿ, "ಇಲ್ಲಿ ಹಗ್ಗ ಹಿಡದು ಅಳದ್ರೆಲ್ಲಾ, ಯಾಕ?" ಎಂದು ಕೇಳಿದರು.

"ಟೇಪು ಅಮ್ಮಾ. ನಕ್ಷಾದಾಗ ಮನಿ ಮೂಲಿಯಿಂದ ಅಳತಿ ಅದ."

"ಮನಿ ಮೂಲಿ ಇದಲ್ಲ. ಮನಿ ಮೂಲಿ ಗ್ವಾಡಿ. ಈ ಕಟ್ಟಿ ಇವರು ಆಮ್ಯಾಲೆ ಕಟ್ಟಿಸಿದ್ದು. ನನ್ನ ಸಣ್ಣ ಮಗಳ ನಿಕಾಕ್ಕ ಇಲ್ಲಿ ಪೆಂಡಾಲ್ ಹಾಕಿದಾಗ ಕಟ್ಟಿ ಇರಲೇ ಇಲ್ಲ. ಬೀದಿ ನುಂಗ್ಯಾರ."

ನಾನು ಲೋಟ ಕೆಳಗಿಟ್ಟೆ. ಮೂವತ್ತನಾಲ್ಕು ವರ್ಷ ಅಳತೆ ಹಿಡಿದವಳು ಗೋಡೆ ಬಿಟ್ಟು ಕಟ್ಟೆಯಿಂದ ಅಳೆಸಿದ್ದೆ. ಎದ್ದು ಕಟ್ಟೆಯ ಅಗಲ ಅಳೆದೆ: ಎರಡೂವರೆ ಅಡಿ. ಎರಡೂವರೆ ಅಡಿ ಮುಂದೆ ಕಟ್ಟೆ ಚಾಚಿದ್ದರೆ, ನಮ್ಮ ನಲವತ್ತೊಂದು ಅಷ್ಟೇ ಹಿಂದೆ ಬಿದ್ದಿರುತ್ತದೆ. ಇಲ್ಲವೇ?

ಇಲ್ಲ. ಬರೆದು ನೋಡಿದ ಮೇಲೆ ತಿಳಿಯಿತು, ಅದು ಕಟ್ಟೆ ಯಾವ ಕಡೆಗೆ ಚಾಚಿದೆ ಎಂಬುದರ ಮೇಲೆ ನಿಂತಿದೆ. ಇದು ಕೆಳಗಿನ ಓಣಿಯ ದಿಕ್ಕಿಗೇ ಚಾಚಿತ್ತು. ಅಂದರೆ ನಾವು ಎರಡೂವರೆ ಅಡಿ ಹೆಚ್ಚು ಮುಂದೆ ಹೋಗಿದ್ದೆವು. ಅವಸರದಲ್ಲಿ ಉಲ್ಟಾ ಲೆಕ್ಕ ಹಿಡಿದಿದ್ದರೆ ಇನ್ನೊಂದು ಸುಳ್ಳು ಕುಣಿ ತೋಡಿಸುತ್ತಿದ್ದೆ. ಮೊದಲ ಕುಣಿಯಿಂದ ಎರಡೂವರೆ ಅಡಿ ಹಿಂದಕ್ಕೆ, ಮೂಲೆಯ ಕಡೆಗೆ, ಹೊಸ ಗುರುತು ಹಾಕಿದೆ.

ಕೆಳಗಿನ ತುದಿಯಲ್ಲಿ ಮಿಕ್ಸರ್ ಗಡಗಡ ಶುರುವಾಗಿತ್ತು. ಮೇಸ್ತ್ರಿ ತಾನಾಗಿ ಒಬ್ಬ ಆಳನ್ನು ಸಲಿಕೆ ಕೊಟ್ಟು ಕಳಿಸಿದ. "ಲಗೂ ತೋಡ್ರಿ ಚಾಚಾ. ನಿಮ್ಮ ಕುಣಿ ತುಂಬಾಕ ನನ್ನ ಮಾಲು ಖರ್ಚಾಗ್ತೈತಿ," ಎಂದ.

ಹನ್ನೊಂದೂಮುಕ್ಕಾಲಿಗೆ ಹಾರೆ ಟಣ್ ಎಂದಿತು. ವಾಲ್ವ್‌ಮನ್ ಇನ್ನೊಮ್ಮೆ ಕುಟ್ಟಿದರು, ಮತ್ತೆ ಟಣ್. ಕೈಯಿಂದ ಮಣ್ಣು ಬಳಿದಾಗ ತುಕ್ಕು ಹಿಡಿದ ದುಂಡು ಮುಚ್ಚಳ ಕಂಡಿತು. ಅದನ್ನು ಎಬ್ಬಿಸಲು ಮೂವರು ಬೇಕಾಯಿತು. ಒಳಗೆ ಹೂಳು ತುಂಬಿತ್ತು. ಅವರು ಓಣಿಯಲ್ಲಿ ಮಕಾಡೆ ಮಲಗಿ ತೋಳಿನವರೆಗೆ ಕೈ ಇಳಿಸಿ ಮುಷ್ಟಿ ಮುಷ್ಟಿ ತೆಗೆದರು. ಕಡೆಗೆ ಒಳಗೆ ಏನೋ ಹಿಡಿದುಕೊಂಡು, ಮಲಗಿದ ಹಾಗೆಯೇ ಕತ್ತು ತಿರುಗಿಸಿ ನನ್ನ ಕಡೆ ನೋಡಿದರು.

"ಐತ್ರಿ ಬಾಯಾರ. ವಾಲ್ವಿನ ತಲಿ ಕೈಗೆ ಹತ್ತಿತು."

ತಿರುಗುತ್ತದೆಯೋ ಇಲ್ಲವೋ ಎಂಬುದು ಉಳಿದಿತ್ತು. ಎಣ್ಣೆ ಬಿಟ್ಟು ಒಂದು ಗಂಟೆ ಬಿಟ್ಟರು. ಆ ಹೊತ್ತಿನಲ್ಲಿ ಅವರು ನಮಾಜಿಗೆ ಹೋಗಿಬಂದರು, ನಾನು ಮತ್ತು ಎಂಜಿನಿಯರ್ ಬುತ್ತಿ ಬಿಚ್ಚಿದೆವು. ಊಟದ ನಡುವೆ ಅವಳು ತನ್ನ ಪುಸ್ತಕದಲ್ಲಿ ಬರೆದುಕೊಂಡದ್ದು ಎರಡು ಸಾಲು: ಅಳೆಯುವುದನ್ನು ಫೋನಿಗೆ ತರುವುದು; ಪೈಪಿನ ಮೇಲಿಲ್ಲದ ವಾಲ್ವುಗಳನ್ನೆಲ್ಲ ಪಟ್ಟಿ ಮಾಡುವುದು. ಎರಡನೆಯದು ಒಟ್ಟು ಎಷ್ಟಾಗಬಹುದು ಎಂದು ಕೇಳಿದಳು. ಸಂದಿ ಎಷ್ಟಿವೆಯೋ ಅಷ್ಟು ಎಂದೆ. "ಹಂಗಾದ್ರ ಆರು ತಿಂಗಳು ಸಾಲೂದಿಲ್ರಿ," ಎಂದಳು. ನನಗೆ ಬೇಸರವಾಗಲಿಲ್ಲ. ಮಾಡಿದವಳೇ ತಿದ್ದುವುದು ಕ್ರಮ.

ಎರಡಕ್ಕೆ ಕಾಂಕ್ರೀಟು ನಮ್ಮ ಹತ್ತಿರ ಬಂತು. ಮೇಸ್ತ್ರಿ ಇಟ್ಟಿಗೆ ಕಟ್ಟಿಸಿ ಕುಣಿಯ ಸುತ್ತ ಚೌಕ ಎಬ್ಬಿಸಿದ, ಮುಚ್ಚಳ ರಸ್ತೆಯ ಮಟ್ಟಕ್ಕೆ ಬರುವಂತೆ ಮಟ್ಟಗೋಲು ಇಟ್ಟು ನೋಡಿದ. ಹಸಿ ಕಾಂಕ್ರೀಟಿನ ಮೇಲೆ ಕಾಲಿಡದಂತೆ ಮೂಲೆಯಿಂದ ಹಸಿರು ಬಾಗಿಲವರೆಗೆ ಇಟ್ಟಿಗೆಯ ಮೇಲೆ ಹಲಗೆ ಹಾಕಿಕೊಟ್ಟ. ಕೇಳದೆಯೇ ಮಾಡಿದ ಕೆಲಸ.

ಮೂರು ಗಂಟೆಗೆ ಆ ದಿನದ ನೀರು ಬಿಡುವ ಹೊತ್ತು. ಚೌಕದ ದೊಡ್ಡ ವಾಲ್ವು ತೆರೆದು ಬಂದು ವಾಲ್ವ್‌ಮನ್ ಹಲಗೆಯ ಮೇಲೆ ಮಂಡಿಯೂರಿದರು. ಚಾವಿ ಇಳಿಸಿ, ಅಡ್ಡಪಟ್ಟಿ ಹಿಡಿದು, ಬಿಸ್ಮಿಲ್ಲಾ ಎಂದು ಒತ್ತಿದರು. ಕಿರ್ ಎಂದು ಒಂದಿಷ್ಟು ಕದಲಿ ನಿಂತಿತು. ಹಿಂದಕ್ಕೆ ಬಿಟ್ಟು ಮತ್ತೆ ಒತ್ತಿದರು. ಮೂರನೆಯ ಸಲ ಪೂರಾ ಸುತ್ತು ಬಂತು. ಎಂಜಿನಿಯರ್ ಮೇಲಿನ ಓಣಿಯ ತುದಿಗೆ ಹೋಗಿ ಅಜ್ಜಿಯ ನಳದ ಹತ್ತಿರ ನಿಂತಿದ್ದಳು. ನಾನು ಇಲ್ಲಿ ಅವಳ ಮಾತನ್ನು ಫೋನಿನಲ್ಲಿ ಕೇಳಿ ಅವರಿಗೆ ಹೇಳುತ್ತಿದ್ದೆ.

"ಬೆರಳಷ್ಟು ಬಂತಂತ."

ಇನ್ನೂ ನಾಲ್ಕು ಸುತ್ತು.

"ಕೊಡ ತುಂಬಾಕತ್ತದಂತ. ಇನ್ನೊಂದು ಹಾಕ್ರಿ."

"ಇನ್ನೊಂದು ಹಾಕಿದ್ರ ನಮ್ಮ ಮನಿ ನಳಾ ನಿಂತೀತು, ಬೀಗರ," ಎಂದರು ಹಸಿರು ಬಾಗಿಲಿನಿಂದ ಬೀಗತಿ.

"ನಿಂತ್ರ ನಿಲ್ಲಲಿ," ಎಂದರು ವಾಲ್ವ್‌ಮನ್ ತಲೆಯೆತ್ತದೆ. "ಇಲ್ಲಾಂದ್ರ ಖಾಲಾ ನನ್ನ ನಿಲ್ಲಿಸ್ತಾರ." ಆದರೂ ಅರ್ಧ ಸುತ್ತನ್ನೇ ಹಾಕಿ, ಒಳಗೆ ಹೋಗಿ ಬೀಗರ ನಳ ನೋಡಿಬಂದು, ಅಲ್ಲಿಗೇ ಬಿಟ್ಟರು. ಒಟ್ಟು ಐದೂವರೆ ಸುತ್ತು. ನಾನು ಬರೆದುಕೊಂಡೆ.

ನೀರು ಬಂದು ಕಾಲು ಗಂಟೆಯಾಯಿತು, ನಿಲ್ಲಲಿಲ್ಲ. ಅರ್ಧ ಗಂಟೆಯಾಯಿತು. ಮೇಲಿನ ಓಣಿಯಲ್ಲಿ ಕೊಡಗಳ ಸದ್ದು, ಪೈಪು ಎಳೆಯುವ ಸದ್ದು, ಹೆಂಗಸರು ಒಬ್ಬರನ್ನೊಬ್ಬರು ಕೂಗುವುದು ಕೇಳುತ್ತಿತ್ತು. ಮೂರೂ ಐವತ್ತಕ್ಕೆ ಅಜ್ಜಿ ಕೋಲೂರಿ ಕೆಳಗೆ ಬಂದರು. ಒದ್ದೆ ಸೆರಗು ಹಿಂಡಿಕೊಳ್ಳುತ್ತಿದ್ದರು.

"ಬ್ಯಾರಲ್ ತುಂಬ್ತು. ಮ್ಯಾಲಿನ ಟಾಕಿನೂ ತುಂಬ್ತು. ನಿಂದರಿಸು ಅನ್ನಾಕ ಬಂದೆ, ಮೋರಿಗೆ ಹೋಗಾಕತ್ತೈತಿ."

"ಅದು ನನ್ನ ಕೈಯಾಗಿಲ್ಲ ಖಾಲಾ, ಹೊತ್ತಾದ ಮ್ಯಾಲ ನಿಲ್ತೈತಿ. ನಿಮ್ಮ ನಳಾ ನೀವ ಬಂದ್ ಮಾಡ್ರಿ."

ಅಜ್ಜಿ ಸೆರಗು ಹಿಂಡಿ ಮುಗಿಸಿದರು. ಆಮೇಲೆ, "ಆ ಅರ್ಜಿ ವಾಪಸ್ ಹೆಂಗ ತಗೋತಾರ?" ಎಂದು ನನ್ನನ್ನು ಕೇಳಿದರು. ಇನ್ನೊಂದು ಹೆಬ್ಬೆಟ್ಟು ಒತ್ತಬೇಕು ಎಂದೆ. "ಹಂಗಾದ್ರ ಕಾಗದ ತಾ," ಎಂದರು ಅವರು, ನನಗಲ್ಲ, ವಾಲ್ವ್‌ಮನ್‌ಗೆ. "ಸಂಜಿಗೆ ರೋಜಾ ಬಿಡಾಕ ನಮ್ಮ ಮನಿಗೆ ಬಾ. ಅಲ್ಲೇ ಒತ್ತಿ ಕೊಡ್ತೇನಿ."

ವಾಲ್ವ್‌ಮನ್ ತಲೆಯಾಡಿಸಿದರು. ಗಡ್ಡದಲ್ಲಿ ಇನ್ನೂ ಕೆಂಪು ಮಣ್ಣು ಇತ್ತು.

ಒಂದು ಕೆಲಸ ಬಾಕಿಯಿತ್ತು. ವಾಲ್ವ್‌ಮನ್ ಕೈ ತೊಳೆದು, ಒರೆಸಿಕೊಂಡು, ಫೋನು ತೆಗೆದುಕೊಂಡರು. ಮುಚ್ಚಳದ ಫೋಟೋ ತೆಗೆದು, ಕೆಂಪು ಗುರುತನ್ನು ಬೆರಳಿನಲ್ಲಿ ಹಿಡಿದು ಅಡಿಗೆಮನೆಯಿಂದ ಎಳೆದುಕೊಂಡು ಬಂದು ಓಣಿಯ ಪೈಪಿನ ಮೇಲೆ ಬಿಟ್ಟರು. ಬೀಗತಿ, ಮೇಸ್ತ್ರಿ, ಅಜ್ಜಿ, ಮೂವರೂ ಅವರ ಭುಜದ ಮೇಲಿಂದ ಬಗ್ಗಿ ನೋಡಿದರು. "ಹೊಂಟಿತು ನೋಡ್ರಿ," ಎಂದರು ಬೀಗತಿ. ಅವರು ಕಳಿಸುವ ಗುಂಡಿ ಒತ್ತಿದರು. ನನ್ನ ಫೋನು ಚೀಲದೊಳಗೆ ಸದ್ದು ಮಾಡಿತು. ತೆಗೆದು, ಕನ್ನಡಕ ಬದಲಿಸಿ, ಗುರುತು ಪೈಪನ್ನು ಮುಟ್ಟಿದೆಯೋ ಇಲ್ಲವೋ ಹಿಗ್ಗಿಸಿ ನೋಡಿದೆ. ಮುಟ್ಟಿತ್ತು. ಗೋಡೆಯಿಂದ ನಲವತ್ತೊಂದು ಅಡಿ, ಐದೂವರೆ ಸುತ್ತು ಮುಚ್ಚಿದೆ ಎಂದು ಷರಾ ಬರೆದು, ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಒಪ್ಪಿಗೆ ಒತ್ತಿದೆ.